ಹಿಂಗಾಲಿನ ಮನ್ಮಥಪ್ಪ

ಎರಡನೇ ಸಲ ಕಟ್ಟಿದ ಪಟ್ಟಿಯೂ ಜಾರಿತು. ಮನ್ಮಥಪ್ಪನ ತಲೆ ಮತ್ತೆ ಎದೆಯ ಮೇಲೆ ಬಿತ್ತು.

"ಬಿಗಿ ಎಳೀರೋ," ಎಂದು ಕಲ್ಯಾಣಪ್ಪ ಗದರಿದ. ದಾಳಿಂಬ ಊರಿನಲ್ಲಿ ಮದುವೆಯಾಗಲಿ ಮಣ್ಣಾಗಲಿ, ಮುಂದೆ ನಿಂತು ಗದರುವ ಹಿರಿಯ ಅವನೇ.

"ಇನ್ನ ಬಿಗದ್ರ ಹಣಿ ತರಚತದ ರೀ ಕಾಕಾ," ಎಂದು ವೀರಭದ್ರ ಪಟ್ಟಿ ಬಿಟ್ಟು ಹಿಂದೆ ಸರಿದ. ಅವನು ಸತ್ತವನ ತಮ್ಮನ ಮಗ. ಮಕ್ಕಳಿಲ್ಲದ ದೊಡ್ಡಪ್ಪನ ಕ್ರಿಯೆಗೆ ಅವನೇ ಕೂತವನು. "ಬೆನ್ನ ಹಿಂಗದ. ನಾವು ತಲಿ ಎತ್ತಿದ್ರೂ ನಿಲ್ಲಬೇಕಲ್ಲ?"

ಪಡಸಾಲೆಯ ಗೋಡೆಗೆ ಆನಿಸಿ ಮನ್ಮಥಪ್ಪನನ್ನು ಕೂರಿಸಿದ್ದರು. ಮೈತುಂಬ ವಿಭೂತಿ, ಎಡ ಅಂಗೈಯಲ್ಲಿ ಇಷ್ಟಲಿಂಗ, ಕೊರಳಲ್ಲಿ ಚೆಂಡುಹೂವಿನ ಮಾಲೆ. ಎಲ್ಲವೂ ಬರೋಬ್ಬರಿ ಇತ್ತು, ಮುಖವೊಂದು ಕಾಣುತ್ತಿರಲಿಲ್ಲ. ಲಿಂಗವಂತರಲ್ಲಿ ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ. ಬಿದಿರಿನ ವಿಮಾನ ಕಟ್ಟಿ, ಅದರಲ್ಲಿ ಕೂರಿಸಿ, ಮುಖ ತೆರೆದು ಊರೆಲ್ಲ ಮೆರೆಸಿ ಮಣ್ಣಿಗೆ ಒಯ್ಯುತ್ತಾರೆ. ಆದರೆ ಮನ್ಮಥಪ್ಪನ ಬೆನ್ನು ಬಾಗಿ ಎಷ್ಟೋ ವರ್ಷಗಳಾಗಿದ್ದವು. ಬದುಕಿದ್ದಾಗಲೂ ಯಾರನ್ನಾದರೂ ನೋಡಬೇಕಾದರೆ ಕೋಳಿಯ ಹಾಗೆ ಕತ್ತು ಓರೆ ಮಾಡಿ ನೋಡುತ್ತಿದ್ದ. ಈಗ ಓರೆ ಮಾಡುವವನೇ ಇರಲಿಲ್ಲ.

ಅಂಗಳದಲ್ಲಿ ದನಗಳ ಮೇವಿನ ಗ್ವಾದಲಿಯ ಪಕ್ಕ ಸತ್ತವನ ಜೋಡೀದಾರ ಅಮೃತಪ್ಪ ನಿಂತಿದ್ದ. ಬೆಳಗಿನಿಂದ ಕೂತಿರಲಿಲ್ಲ. ಈ ವಯಸ್ಸಿನಲ್ಲೂ ಅವನ ಬೆನ್ನು ಕಂಬದಂತೆ ನೆಟ್ಟಗೆ. ಊರವರು ಅದನ್ನು ಹೊಗಳುತ್ತಿದ್ದರು, ಅವನೂ ಹೊಗಳಿಸಿಕೊಳ್ಳುತ್ತಿದ್ದ. ಇಂದು ಆ ನೆಟ್ಟಗಿನ ಬೆನ್ನು ಅವನಿಗೇ ನಾಚಿಕೆ ತರಿಸಿತ್ತು. ಎಲ್ಲಾದರೂ ಮುರಿದು ಹಾಕೋಣವೆನ್ನಿಸುತ್ತಿತ್ತು.

"ಒಂದು ಕೆಲಸ ಮಾಡ್ರಿ," ಎಂದು ಕಲ್ಯಾಣಪ್ಪ ಪಂಚೆಯಿಂದ ಬೆವರು ಒರೆಸಿಕೊಂಡ. "ಮುಖದ ಮ್ಯಾಲ ಒಂದು ವಸ್ತ್ರ ಹಾಕಿಬಿಡ್ರಿ. ಹಂಗೂ ಇಂವಾ ಬಸವನ ಹಿಂಗಾಲಿನಾಂವಾ. ಹಿಂಗಾಲಿನವನ ಮುಖ ಮೆರವಣಗಿಯೊಳಗ ಕಾಣಬಾರದು ಅಂತ ರಿವಾಜೇ ಅದ."

ಬಾಗಿಲಲ್ಲಿ ಕೂತಿದ್ದ ರಂಭಾಬಾಯಿ ತಲೆಯೆತ್ತಿದಳು. ಸತ್ತವನ ಹೆಂಡತಿ. ಅತ್ತು ದನಿ ಒಡೆದುಹೋಗಿತ್ತು.

"ವಸ್ತ್ರ ನಕೋ, ಬ್ಯಾಡ," ಎಂದಳು. "ಇಷ್ಟು ವರ್ಸ ಬಟ್ಟಿ ಒಳಗೇ ಇದ್ದ. ಇವತ್ತರೆ ಜನ ಅವನ ಮುಖ ನೋಡ್ಲಿ."

"ರಿವಾಜ ಅದವಾ ತಂಗಿ."

"ಯಾರ ರಿವಾಜ?"

"ನಮ್ಮ ಅಜ್ಜನ ಕಾಲದಿಂದ ನಡದು ಬಂದದ್ದು," ಎಂದ ಕಲ್ಯಾಣಪ್ಪ, ತನ್ನ ಅಜ್ಜನನ್ನು ಸಾಕ್ಷಿಗೆ ಕರೆಯುವವನಂತೆ ಮೇಲೆ ನೋಡಿ.

ಆ ರಿವಾಜು ಯಾರ ಅಜ್ಜನ ಕಾಲದ್ದೂ ಅಲ್ಲ. ಅದು ಹುಟ್ಟಿದ ಊರು, ಓಣಿ, ಅದನ್ನು ಹಡೆದ ಬಾಯಿ, ಎಲ್ಲವೂ ಅಮೃತಪ್ಪನಿಗೆ ಗೊತ್ತಿತ್ತು.

*

ಬಟ್ಟೆಬಸವನನ್ನು ಕಟ್ಟಿದಾಗ ಇಬ್ಬರಿಗೂ ಇನ್ನೂ ಮೀಸೆ ಸರಿಯಾಗಿ ಬಂದಿರಲಿಲ್ಲ.

ಶ್ರಾವಣದ ಕೊನೆಗೆ ಎತ್ತುಗಳ ಹಬ್ಬ ಪೋಳಾ ಬರುತ್ತದೆ. ಹಳ್ಳಿಯಲ್ಲಿ ಅವರವರ ಎತ್ತಿಗೆ ಅವರವರು ಬಣ್ಣ ಬಳಿದು ಪೂಜಿಸುತ್ತಾರೆ. ಆದರೆ ನಿಲಂಗಾ, ಉದಗೀರದ ಪೇಟೆಗಳಲ್ಲಿ ಬಟ್ಟೆ, ಕಿರಾಣಿ ಮಾರುವ ಸಾಹುಕಾರರ ಮನೆಗಳಲ್ಲಿ ಎತ್ತು ಎಲ್ಲಿಂದ ಬರಬೇಕು? ಹಬ್ಬದ ದಿನ ಹೊಸ್ತಿಲಿಗೆ ಬಸವ ಬಂದು ತಲೆಯಾಡಿಸಿ ಹೋದರೆ ಅವರಿಗೆ ಸಮಾಧಾನ. ಈ ಉಪಾಯ ಹೊಳೆದದ್ದು ಮನ್ಮಥಪ್ಪನಿಗೆ. ಬಿದಿರಿನ ಪಕ್ಕೆಲುಬು ಮಾಡಿ, ಮೇಲೆ ಬಿಳಿ ಖಾದಿ ಹೊದಿಸಿ, ಕಾಗದ ಮತ್ತು ಮೆಂತ್ಯದ ಹಿಟ್ಟನ್ನು ಕಲಸಿ ತಲೆ ಮಾಡಿದವನೂ ಅವನೇ. ಒಳಗೆ ಇಬ್ಬರು. ಮುಂದಿನವನು ನೆಟ್ಟಗೆ ನಿಂತು ತಲೆ ಹೊರುತ್ತಾನೆ. ಹಿಂದಿನವನು ನಡು ಬಾಗಿಸಿ, ಮುಂದಿನವನ ಸೊಂಟದ ಪಟ್ಟಿ ಹಿಡಿದು ಬರುತ್ತಾನೆ.

"ಎತ್ತು ಹಿಂದಿನಿಂದ ನಡೀತದ," ಎನ್ನುತ್ತಿದ್ದ ಮನ್ಮಥಪ್ಪ. "ಮುಂದಿನ ಕಾಲು ಬರೇ ದಾರಿ ನೋಡತಾವ." ತಮ್ಮ ಮನೆಯ ಬೂದುಬಣ್ಣದ ಎತ್ತಿನ ಹಿಂದೆ ನಡೆದು ನಡೆದು ಆ ನಡಿಗೆ ಕಲಿತಿದ್ದ. ಗೊರಸು ಎಳೆದಂತೆ ಇಟ್ಟು, ಒಂದು ಕ್ಷಣ ತಡೆದು, ಸೊಂಟ ಒಂದು ಬದಿಗೆ ಬಿಟ್ಟುಕೊಡುವುದು. ಬಾಲದ ದಾರ ಬಾಯಲ್ಲಿ ಕಚ್ಚಿಕೊಂಡಿದ್ದು ನೊಣ ಕೂತಂತೆ ಎಳೆಯುತ್ತಿದ್ದ. ಅದನ್ನು ಕಂಡು ನಿಜವಾದ ಹಸುಗಳೇ ಕಿವಿ ನಿಮಿರಿಸುತ್ತಿದ್ದವು.

ಒಳಗೆ ಹಿಂದಿನವನಿಗೆ ಏನೂ ಕಾಣದು. ಅದಕ್ಕೇ ಒಂದು ಸನ್ನೆ ಇತ್ತು. ಮುಂದೆ ಮೆಟ್ಟಿಲೋ ಕಲ್ಲೋ ಬಂದರೆ ಮುಂದಿನವನು ಕೊರಳ ಗಂಟೆಯನ್ನು ಒಂದು ಸಲ ಅಲುಗಿಸಬೇಕು. ನಿಲ್ಲಬೇಕಾದರೆ ಹಿಮ್ಮಡಿಯಿಂದ ಮೆತ್ತಗೆ ಒದೆಯಬೇಕು. ಹಿಂದಿನವನು ಆ ಗಂಟೆಯನ್ನು ನಂಬಿ ಕಾಲಿಡಬೇಕು.

"ಒಂದು ವರ್ಸ ನೀ ಮುಂದ, ಒಂದು ವರ್ಸ ನಾ ಮುಂದ," ಎಂದು ಮಾತಾಗಿತ್ತು. ಮೊದಲ ವರ್ಷ ತಲೆ ಹೊತ್ತವನು ಅಮೃತಪ್ಪ. ಮರುವರ್ಷ, "ಜನಕ್ಕ ನನ್ನ ತಲಿ ಆಡಿಸೋದು ರೂಢಿ ಆಗ್ಯಾದ" ಎಂದ. ಅದರ ಮರುವರ್ಷ ಇನ್ನೇನೋ ಅಂದ. ಮನ್ಮಥಪ್ಪ ಪ್ರತಿಸಲ ನಕ್ಕು, "ಆಗ್ಲಿ, ಬರೋ ವರ್ಸ" ಎನ್ನುತ್ತಿದ್ದ. ಹಬ್ಬ ಮುಗಿದ ಮೇಲೆ ತಲೆ ಅಮೃತಪ್ಪನ ಮನೆಯ ಅಟ್ಟಕ್ಕೆ ಹೋಗುತ್ತಿತ್ತು. ಮೈಬಟ್ಟೆ ಒಗೆದು ಮಡಿಸಿಡಲು ಮನ್ಮಥಪ್ಪನ ಮನೆಗೆ.

*

ತುರೋರಿಯಿಂದ ಕ್ರಿಯೆ ಮಾಡಿಸಲು ಅಯ್ಯನವರು ಬಂದರು. ರೇವಣಸಿದ್ಧಯ್ಯ ಎಂದು ಹೆಸರು, ಇನ್ನೂ ಹರೆಯದವರು. ಕೈಕಾಲು ತೊಳೆದು, ಶಂಖ ಗಂಟೆ ಪಕ್ಕಕ್ಕಿಟ್ಟು, ಕೂತವನ ಬಾಗಿದ ತಲೆಯನ್ನು ಒಂದು ಗಳಿಗೆ ನೋಡಿದರು.

"ಮುಖ ಮುಚ್ಚೋ ರಿವಾಜ ನಾ ಎಲ್ಲೂ ಕೇಳಿಲ್ಲರೀ," ಎಂದರು. "ಆದ್ರ ನಿಮ್ಮೂರ ಬಸವನ ವಿಷಯ ನನಗ ಗೊತ್ತಿಲ್ಲ. ಹಿರ್ಯಾರು ಅಂದ್ರ ನಾ ಏನನ್ಲಿ?"

"ಹಿಂಗಾಲಿನವನ ಮುಖ ಕಂಡ್ರ ಬಸವ ಎರಡಾದಂಗ," ಎಂದ ಕಲ್ಯಾಣಪ್ಪ. "ಮನಿ ಎರಡಾಗತದ. ಅನಿಷ್ಟ. ಇಂವಾ ಸ್ವತಃ ಎಷ್ಟು ನೇಮದಿಂದ ನಡಸತಿದ್ದ ಗೊತ್ತದೇನು? ಬಸವನ ಸೋಂಗು ಬಿಚ್ಚೋತನಕ ಒಂದು ದಿನಾನೂ ಮುಖ ಹೊರಗ ಹಾಕಿದಾಂವಾ ಅಲ್ಲ. ಈಗ ಸತ್ತ ಮ್ಯಾಲ ಅವನ ನೇಮ ಕೆಡಸೋದೇನು?"

ಇದು ಖರೆಯೇ ಆಗಿತ್ತು. ಅದಕ್ಕೇ ಅಮೃತಪ್ಪನಿಗೆ ಹೆಚ್ಚು ಚುಚ್ಚಿತು.

ರಂಭಾಬಾಯಿ ಯಾರನ್ನೂ ನೋಡದೆ ಮಾತಾಡಿದಳು. "ಪ್ರತಿ ಪೋಳಾಕ್ಕ ನಸುಕಿನ್ಯಾಗ ಎದ್ದು ಮುಖ ತೊಳಕೊಂಡು, ಕನ್ನಡಿ ಮುಂದ ನಿಂತು ಮೂರು ಬಟ್ಟ ವಿಭೂತಿ ಹಚಗೊಂಡು ಹೋಗತಿದ್ದ. ಮೀಸಿಗಿ ಎಣ್ಣಿ ಹಚ್ಚತಿದ್ದ. ಯಾರಿಗಿ ಕಾಣಸ್ಲಿ ಅಂತ? ನಾ ನಕ್ಕೊಂತ ಕೇಳತಿದ್ದೆ. 'ಇರ್ಲಿ ಬಿಡು, ಯಾವಾಗರೆ ಯಾರರೆ ನೋಡಿದ್ರ' ಅಂತಿದ್ದ."

ಅಮೃತಪ್ಪ ಗ್ವಾದಲಿಯ ಅಂಚು ಹಿಡಿದುಕೊಂಡ. ಇಷ್ಟು ವರ್ಷ ಒಂದೇ ಬಟ್ಟೆಯೊಳಗೆ ಇದ್ದರೂ ಅವನಿಗೆ ಆ ವಿಭೂತಿಯ ಸಂಗತಿ ಗೊತ್ತಿರಲಿಲ್ಲ. ತಲೆ ಹೊತ್ತವನು ಹಿಂತಿರುಗಿ ನೋಡುವುದೇ ಇಲ್ಲವಲ್ಲ.

*

ಮನ್ಮಥಪ್ಪನ ಮದುವೆಯಾದ ವರ್ಷ ಪೋಳಾಕ್ಕೆ ನಿಲಂಗಾದಿಂದ ಕರೆ ಬಂತು. ರಂಭಾಬಾಯಿಯ ತವರು ಅಲ್ಲೇ. ಬಟ್ಟೆ ವ್ಯಾಪಾರದ ಮನೆ, ಪೇಟೆಯ ನಡುವೆ ದೊಡ್ಡ ವಾಡೆ. ಅವಳ ಅಜ್ಜಿ ಸುಮನಬಾಯಿ ಕಾಯಿಲೆ ಬಿದ್ದು ಮದುವೆಗೆ ದಾಳಿಂಬಕ್ಕೆ ಬಂದಿರಲಿಲ್ಲ. ಅಳಿಯನ ಮುಖ ನೋಡದೆ ನಾ ಸಾಯುವುದಿಲ್ಲ ಎಂದು ಹಟ ಹಿಡಿದು ಕೂತಿದ್ದಳಂತೆ.

ದಾರಿಯಲ್ಲಿ ಮನ್ಮಥಪ್ಪ ಕೇಳಿದ. ಅವನು ಬಾಯಿಬಿಟ್ಟು ಕೇಳಿದ್ದು ಅದೊಂದೇ ಸಲ. "ಇವತ್ತೊಂದು ದಿನ ನಾ ಮುಂದ ನಿಲ್ಲತೀನೋ. ಆಕಿ ಮನಿಯವರು ನೋಡತಾರ."

"ಅದ್ಕೇನು, ನಿಲ್ಲು," ಎಂದ ಅಮೃತಪ್ಪ. ಮನಸ್ಸಿನಿಂದಲೇ ಅಂದ.

ವಾಡೆಯ ಅಂಗಳ ತುಂಬಿ ಜನ ಗೋಡೆ ಹತ್ತಿ ಕೂತಿದ್ದರು. ಉದಗೀರದ ಕಿಲ್ಲೆಯ ಕಡೆಯ ಒಬ್ಬ ಜಾಗೀರದಾರ ಸಾಹೇಬರೂ ಬಂದು ಗಾದಿಯ ಮೇಲೆ ಕೂತಿದ್ದಾರೆಂದು ಯಾರೋ ಪಿಸುಗುಟ್ಟಿದರು. ಹಲಗೆಯ ಬಡಿತ ಶುರುವಾಯಿತು. ಮನ್ಮಥಪ್ಪ ಕಾಲಿಗೆ ಗೆಜ್ಜೆ ಕಟ್ಟಿಕೊಳ್ಳಲು ಬಾಗಿದ್ದ. ಅವನು ಏಳುವಷ್ಟರಲ್ಲಿ ಅಮೃತಪ್ಪ ತಲೆ ಹೊತ್ತು ನಿಂತಿದ್ದ.

"ಸಾಹೇಬರು ಬಂದಾರ. ತಪ್ಪಾದ್ರ ಮರ್ಯಾದಿ ಹೋಗತದ. ಮುಂದಿನ ಸಲ ನೀ," ಎಂದ.

ಮನ್ಮಥಪ್ಪ ಬಾಗಿ ಪಟ್ಟಿ ಹಿಡಿದ.

ಅವತ್ತು ಬಸವ ಕುಣಿದಂತೆ ಎಂದೂ ಕುಣಿಯಲಿಲ್ಲ. ಸಾಹೇಬರೇ "ಸುಭಾನಲ್ಲಾ" ಎಂದರು. ಕುಣಿತ ಮುಗಿದು ಅಮೃತಪ್ಪ ತಲೆಯನ್ನು ಮೇಲಕ್ಕೆತ್ತಿ ಮುಖ ತೋರಿಸಿದ. ಶಾಲು ಬಂತು, ಕೊರಳಿಗೆ ಮಾಲೆ ಬಿತ್ತು. ಆಗ ಕಟ್ಟೆಯ ಮೇಲಿಂದ ಅಜ್ಜಿಯ ನಡುಗುವ ದನಿ ಕೇಳಿತು.

"ಆಮಚೆ ಜಾವಯಿ ಕುಠೆ?" ನಮ್ಮ ಅಳಿಯ ಎಲ್ಲಿ?

ಹಿಂದಿನ ಬಟ್ಟೆ ಅಲುಗಿತು. ಮನ್ಮಥಪ್ಪ ಸೊಂಟದ ಗಂಟು ಬಿಚ್ಚುತ್ತಿದ್ದ. ಒಳಗಿನಿಂದ ಎದ್ದು ಬಂದು ಅಜ್ಜಿಯ ಕಾಲು ಮುಟ್ಟಲು ಎಷ್ಟು ಹೊತ್ತು ಬೇಕು? ಆದರೆ ಗಾದಿಯ ಮೇಲಿನ ಸಾಹೇಬರ ಕಣ್ಣು ಇನ್ನೂ ಅಮೃತಪ್ಪನ ಮೇಲಿತ್ತು. ಆ ಕಣ್ಣು ಹಿಂದಕ್ಕೆ ಸರಿಯುವುದು ಅವನಿಗೆ ಬೇಕಿರಲಿಲ್ಲ. ಅವನ ಹಿಮ್ಮಡಿ ತಾನಾಗಿಯೇ ಹಿಂದಕ್ಕೆ ಒದೆಯಿತು. ನಿಲ್ಲು ಎಂದು.

"ಬಸವ ಎರಡಾಗಬಾರದ್ರಿ!" ಎಂದು ಗಟ್ಟಿಯಾಗಿ ಕೂಗಿದ. "ಹಿಂಗಾಲಿನವನ ಮುಖ ಕಾಣಬಾರದು. ಕಂಡ್ರ ಮನಿ ಎರಡಾಗತದ. ಇದು ನಮ್ಮ ಕಡೆ ರಿವಾಜು."

ಹೆಂಗಸರು ಗಲ್ಲಕ್ಕೆ ಕೈಹಚ್ಚಿ "ಅಗ ಬಾಯಿ" ಎಂದರು. ಬಟ್ಟೆ ಅಲುಗುವುದು ನಿಂತಿತು. ಮನೆಯ ಮೇಲೆ ಅನಿಷ್ಟ ತರುವ ಧೈರ್ಯ ಯಾರಿಗಿತ್ತು? ಅಜ್ಜಿಯನ್ನು ಇಬ್ಬರು ಹಿಡಿದು ತಂದರು. ಅವಳು ನೆಲದ ಮೇಲೆ ಕೂತು, ಬಸವನ ಹಿಂಗಾಲುಗಳನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಮುಖ ನೋಡಲಿಲ್ಲ. ಹಿಂಗಾಲಾಗಿ ಬಂದ ಮನೆಗೆ ಆ ದಿನ ಮುಖ ತೋರಿಸುವಂತಿಲ್ಲವೆಂದು ಇಬ್ಬರೂ ಬಟ್ಟೆಯಲ್ಲೇ ಊರ ಹೊರಗಿನ ಗಾಡಿಗೆ ನಡೆದರು. ದಸರೆ ಬರುವುದರೊಳಗೆ ತೀರಿಕೊಂಡಳು.

ತಿರುಗಿ ಬರುವಾಗ ಗಾಡಿಯಲ್ಲಿ ಮನ್ಮಥಪ್ಪ ಕಾಲಿನ ಗೆಜ್ಜೆ ಬಿಚ್ಚಿದ. ಆಮೇಲೆ, "ಅಜ್ಜಿ ಕೈ ತಣ್ಣಗ ಇತ್ತೋ ಅಮೃತಾ. ಮುಟ್ಟಿದ ಕೂಡ್ಲೇ ಆಕೀನೇ ಅಂತ ತಿಳೀತು," ಎಂದ. ಮತ್ತೆ, "ನೀ ಮಾತು ಛಲೋ ಆಡಿದಿ. ಖರೇನೇ ಅನಸ್ತು," ಎಂದ.

ಅದರಲ್ಲಿ ಕೊಂಕು ಇತ್ತೋ ಇಲ್ಲವೋ ಅಮೃತಪ್ಪನಿಗೆ ಇಂದಿಗೂ ತಿಳಿದಿಲ್ಲ. ಮಾಕಣಿಯಲ್ಲಿ ಜನ ಆ ರಿವಾಜನ್ನು ತಾವೇ ಹೇಳತೊಡಗಿದರು. ಉಮರ್ಗಾದಲ್ಲಿ ಅದಕ್ಕೊಂದು ಕತೆಯೂ ಹುಟ್ಟಿತು. ಯಾವನೋ ಹಿಂಗಾಲಿನವನು ಮುಖ ತೋರಿಸಿ ಅಣ್ಣತಮ್ಮಂದಿರು ಪಾಲಾದರಂತೆ. ಮನ್ಮಥಪ್ಪ ಆ ಸುಳ್ಳನ್ನು ಸಾಯುವವರೆಗೂ ತಪ್ಪದೆ ಪಾಲಿಸಿದ.

ಅವನ ಬೆನ್ನು ಬಾಗಿ ಗಟ್ಟಿಯಾದ ಮೇಲೆ ಒಂದು ವರ್ಷ ಅಮೃತಪ್ಪ, "ಈ ಸಲ ನೀ ಮುಂದ ನಿಲ್ಲೋ," ಎಂದಿದ್ದ. ಇನ್ನು ನಿಲ್ಲಲಾರ ಎಂದು ಗೊತ್ತಿದ್ದೇ ಕೇಳಿದ್ದ. ಅದೂ ಮನ್ಮಥಪ್ಪನಿಗೆ ಗೊತ್ತಿತ್ತು.

ಮನ್ಮಥಪ್ಪ ಓರೆಗತ್ತಿನಿಂದ ನೋಡಿ ನಕ್ಕ. "ನಾ ಮುಂದ ನಿಂತ್ರ ಬಸವ ಮೇಯ್ಲಿಕ್ಕ ನಿಂತಂಗ ಕಾಣತದಲ್ಲೋ ಮಾರಾಯ."

*

"ಆ ರಿವಾಜು ನಾ ಮಾಡಿದ್ದು," ಎಂದ ಅಮೃತಪ್ಪ.

ಎಲ್ಲರೂ ತಿರುಗಿ ನೋಡಿದರು. ಅವನು ಅಂಗಳದ ನಡುವೆ ಬಂದು ನಿಂತಿದ್ದ.

"ಕಲ್ಯಾಣಪ್ಪ, ಅದು ರಿವಾಜಲ್ಲ. ಸುಳ್ಳು. ನಿಲಂಗಾದಾಗ ನಾ ಹುಟ್ಟಿಸಿ ಹೇಳಿದ್ದು. ಇವನ ಮುಖ ಯಾರೂ ನೋಡಬಾರದು ಅಂತ."

ಕಲ್ಯಾಣಪ್ಪ ಅವನ ಹೆಗಲ ಮೇಲೆ ಕೈಯಿಟ್ಟ. ಬಹಳ ಅಂತಃಕರಣದಿಂದಲೇ ಇಟ್ಟ. "ಜೋಡೀದಾರ ಹೋಗ್ಯಾನ. ತಲಿ ಠಿಕಾಣಕ್ಕಿಲ್ಲ ನಿನಗ. ಕೂಡು, ಒಂದೀಟು ನೀರು ಕುಡಿ."

"ಖರೇ ಹೇಳ್ಳಿಕತ್ತೀನಿ!"

"ನೀ ಹ್ಯಾಂಗ ಹುಟ್ಟಸತೀ? ನಮ್ಮಪ್ಪ ಹೇಳತಿದ್ದ. ಅವನಿಗಿ ಅವರಪ್ಪ ಹೇಳಿದ್ದ. ನಾ ನನ್ನ ಕಿವಿಲೆ ಕೇಳೀನಿ."

ಅವನು ಸುಳ್ಳು ಹೇಳುತ್ತಿರಲಿಲ್ಲ. ಕೇಳಿದ್ದೇನೆಂದೇ ನಂಬಿದ್ದ. ಸುತ್ತಲಿನವರೂ ತಲೆದೂಗಿದರು. ಒಬ್ಬ ಮುದುಕ ಉಮರ್ಗಾದ ಪಾಲಾದ ಅಣ್ಣತಮ್ಮಂದಿರ ಕತೆ ತೆಗೆದ. ವೀರಭದ್ರ ಮಡಿಸಿದ ವಸ್ತ್ರ ಕೈಗೆತ್ತಿಕೊಂಡ. ಅಮೃತಪ್ಪ ನೋಡುತ್ತ ನಿಂತ. ಅಷ್ಟು ಜನರಲ್ಲಿ ರಂಭಾಬಾಯಿಯೊಬ್ಬಳೇ ಅವನನ್ನು ನಂಬಿದಂತಿತ್ತು. ಅವಳ ಮುಖದಲ್ಲಿ ಆಶ್ಚರ್ಯವೇ ಇರಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು.

ಅವಳು ಎದ್ದು ಒಳಗೆ ಹೋಗಿ ಒಂದು ಗಂಟು ತಂದು ಅವನ ಮುಂದೆ ಇಟ್ಟಳು. ಬಸವನ ಮೈಬಟ್ಟೆ. ಒಗೆದು ಬೇವಿನ ಎಲೆ ಹಾಕಿ ಮಡಿಸಿಟ್ಟದ್ದು.

"ನಿಮ್ಮದ ಅದ, ಒಯ್ಯಿರಿ ಭಾವುಜಿ," ಎಂದಳು. "ಇನ್ನ ಇದನ್ನ ಒಗಿಯೋರು ಯಾರು?"

ಅಮೃತಪ್ಪ ಬಟ್ಟೆಯನ್ನು ನೋಡಿದ, ವಸ್ತ್ರ ಹಿಡಿದ ವೀರಭದ್ರನನ್ನು ನೋಡಿದ. ಆಮೇಲೆ ಹಿಂದೆ ನಿಲಂಗಾದಲ್ಲಿ ಮಾತಾಡಿದ ಅದೇ ಗಟ್ಟಿ ದನಿಯಲ್ಲಿ ಮಾತಾಡಿದ.

"ಆಗ್ಲಿ ಕಲ್ಯಾಣಪ್ಪ, ರಿವಾಜೇ ಅನ್ನು. ಬಸವ ಎರಡಾಗಬಾರದು, ಹೌದಲ್ಲ? ಹಂಗಾದ್ರ ಪೂರಾ ರಿವಾಜ ಕೇಳು. ಒಬ್ಬಾಂವಾ ಹೋದ್ರ ಬಸವ ಒಂದೇ ಆಗಿ ಊರು ದಾಟಬೇಕು. ಹೋಗಾಂವಾ ಮುಂದ, ಉಳದಾಂವಾ ಹಿಂದ. ಇವತ್ತ ಹಿಂಗಾಲು ನಾ. ಮುಖ ಮುಚ್ಚೋದಿದ್ರ ನಂದು ಮುಚ್ಚಬೇಕು. ಮುಂದಿನವನ ಮುಖ ಮುಚ್ಚಿದ್ರ ಅನಿಷ್ಟ."

ಅಯ್ಯನವರು ಕಲ್ಯಾಣಪ್ಪನ ಕಡೆ ನೋಡಿದರು. ಕಲ್ಯಾಣಪ್ಪ ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ನೆನಪು ಮಾಡಿಕೊಂಡ.

"ಹೌದು," ಎಂದ ಕೊನೆಗೆ. "ಹೌದೌದು. ಅಜ್ಜ ಇದನ್ನೂ ಹೇಳತಿದ್ದ."

ಖರೆ ಹೇಳಿದಾಗ ನೀರು ಕುಡಿ ಎಂದ ಜನ ಎರಡನೇ ಸುಳ್ಳಿಗೆ ತಲೆಬಾಗಿದ್ದರು. ಅಮೃತಪ್ಪನಿಗೆ ನಗು ಬರಲಿಲ್ಲ. ಅಳುವೂ ಬರಲಿಲ್ಲ.

ಬಾಗಿದ ಹೆಣ ಮುಗ್ಗರಿಸೀತೆಂದು ವಿಮಾನವನ್ನು ಹೆಗಲಿಗೆ ಏರಿಸದೆ ಕೈಯಲ್ಲೇ, ಸೊಂಟದ ಎತ್ತರಕ್ಕೆ ಹಿಡಿದರು. ಅಮೃತಪ್ಪ ಅದರ ಹಿಂದೆ, ಇಬ್ಬರು ಹೊರುವವರ ನಡುವೆ ಬಾಗಿ ನಿಂತ. ತೋಳುಗಳನ್ನು ಮುಂದೆ ಚಾಚಿ, ಮನ್ಮಥಪ್ಪನ ಹಣೆಯನ್ನು ಎರಡು ಅಂಗೈಯಲ್ಲಿ ಹಿಡಿದು ಮೇಲಕ್ಕೆತ್ತಿದ. ವೀರಭದ್ರ ಬಸವನ ಬಟ್ಟೆಯನ್ನು ವಿಮಾನದ ಹಿಂಬದಿಗೆ ಕಟ್ಟಿ ಅವನ ಮೇಲೆ ಇಳಿಬಿಟ್ಟ. ಬೆಳಕು ಹೋಯಿತು. ಬೇವಿನ ವಾಸನೆ, ಅದರ ಕೆಳಗೆ ಎಷ್ಟು ಒಗೆದರೂ ಹೋಗದ ಹಳೆಯ ಬೆವರಿನ ವಾಸನೆ. ಆ ಬೆವರು ತನ್ನದಲ್ಲ ಎಂದು ಅವನಿಗೆ ಗೊತ್ತಾಯಿತು.

ಶಂಖ ಮೊಳಗಿತು. ತಾಳ ಭಜನೆಯೊಡನೆ ಮೆರವಣಿಗೆ ಹೊರಟಿತು.

ಅವನಿಗೆ ಕಾಣುತ್ತಿದ್ದದ್ದು ನೆಲವಷ್ಟೇ. ಧೂಳು, ಹೊರುವವರ ಒಡೆದ ಹಿಮ್ಮಡಿಗಳು, ಬಿದ್ದ ಚೆಂಡುಹೂವಿನ ಎಸಳು. ಓಣಿ ದಾಟುವುದರೊಳಗೆ ನಡು ಸಿಡಿಯತೊಡಗಿತು. ಮೇಲೆ ಜನರ ದನಿಗಳು ಕೇಳುತ್ತಿದ್ದವು.

"ಮನ್ಮಥಪ್ಪ ಅಲ್ಲೇನ? ಎಷ್ಟು ಛಂದ ಕೂತಾನ ನೋಡ್ರೇ."

"ಮೀಸಿ ಎಷ್ಟು ದಟ್ಟ ಅದವ್ವಾ. ನಾ ಎಂದೂ ನೋಡಿದ್ದಿಲ್ಲ."

"ನಕ್ಕಂಗ ಕಾಣತದ."

ನಗುತ್ತಿದ್ದಾನೋ ಇಲ್ಲವೋ ಅಮೃತಪ್ಪನಿಗೆ ಕಾಣುವಂತಿರಲಿಲ್ಲ. ಊರೆಲ್ಲ ನೋಡುತ್ತಿದ್ದ ಮುಖವನ್ನು ಅವನೊಬ್ಬ ನೋಡಲಾಗದೆ ನಡೆದ.

ರುದ್ರಭೂಮಿಗೆ ಹೋಗುವ ದಾರಿಯಲ್ಲಿ ಹಳ್ಳ ಸಿಗುತ್ತದೆ, ಇಳಿಯಲು ಕಲ್ಲುಗಳಿವೆ. ಹಳ್ಳ ಹತ್ತಿರ ಬಂತೆಂದು ನೀರಿನ ತಂಪಿನಿಂದ ತಿಳಿಯಿತು. ಹಿಂದಿನವನಂತೆ ಕಿವಿ ಗಂಟೆಗಾಗಿ ಕಾಯಿತು. ಯಾರೂ ಗಂಟೆ ಅಲುಗಿಸಲಿಲ್ಲ. ಮೊದಲ ಕಲ್ಲು ತಪ್ಪಿ ಅವನ ಮೊಣಕಾಲು ಬಂಡೆಗೆ ಬಡಿಯಿತು. ಹಲ್ಲು ಕಚ್ಚಿಕೊಂಡ. ಅಂಗೈಗಳು ಅಲ್ಲಾಡಲಿಲ್ಲ. ಹಣೆಯ ವಿಭೂತಿ ಅವನ ಅಂಗೈಯ ಬೆವರಲ್ಲಿ ಕರಗಿ ಮುಂಗೈಗುಂಟ ಇಳಿಯುತ್ತಿತ್ತು.

ಆಚೆ ದಡದಲ್ಲಿ ವಿಮಾನ ಒಂದು ಗಳಿಗೆ ನಿಂತಿತು. ಬಟ್ಟೆಯ ಅಂಚಿನಾಚೆ ಯಾರೋ ನೆಲಕ್ಕೆ ಕೂತ ಸದ್ದಾಯಿತು. ಒಂದು ಕೈ ಒಳಗೆ ಬಂತು. ಬಳೆ ಇಲ್ಲದ, ಹೆಂಗಸಿನ ಕೈ. ಅದು ಅವನ ಕೆಸರಾದ ಪಾದಗಳನ್ನು ಒಂದೊಂದಾಗಿ ಮುಟ್ಟಿತು. ತಣ್ಣಗಿತ್ತು. ಮುಟ್ಟಿದ ಕೂಡಲೇ ಯಾರ ಕೈ ಎಂದು ಅವನಿಗೆ ತಿಳಿಯಿತು.

ಬೇಡ ಎಂದು ಕಾಲು ಸರಿಸಹೋದ. ಕಾಲು ಹಿಂದಕ್ಕೆ ಎಳೆದುಕೊಂಡರೆ ಮೇಲೆ ಹಿಡಿದ ತಲೆ ಬಾಗುತ್ತಿತ್ತು. ಬಟ್ಟೆಯ ಕತ್ತಲಲ್ಲಿ ನಡು ಬಾಗಿಸಿ, ಎರಡೂ ಕೈಯಲ್ಲಿ ಮನ್ಮಥಪ್ಪನ ಹಣೆ ಹಿಡಿದುಕೊಂಡು, ಅವಳು ಕೈ ತೆಗೆಯುವವರೆಗೂ ಅವನು ಹಾಗೆಯೇ ನಿಂತಿದ್ದ.